ಈಡಮ್ಮನ ನಾಲ್ಕನೇ ಮಗಳು

ರೋಮನ್ನರು ತಿಂಗಳ ದಿನಗಳನ್ನು ಹೇಗೆ ಎಣಿಸುತ್ತಿದ್ದರು ಅಂತ ಅಕ್ಕ ನನಗೆ ಹೇಳಿಕೊಟ್ಟದ್ದು ಶಿಡ್ಲಘಟ್ಟದ ನಮ್ಮ ಮನೆಯ ತಾರಸಿ ಮೇಲೆ, ರಂಜಾನ್ ಉಪವಾಸದ ಕೊನೆಯ ಸಂಜೆ. ನಾನಾಗ ಪಿಯುಸಿ, ವಿಜ್ಞಾನ ತೆಗೆದುಕೊಂಡಿದ್ದೆ. ಅಕ್ಕ ಬಿ.ಎ. ಕೊನೆಯ ವರ್ಷ. ದಿನಾ ಬೆಳಗ್ಗೆ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗಿ ಬರುತ್ತಿದ್ದಳು. ನಮ್ಮ ಕೇರಿಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳೇ. ಅಪ್ಪ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ತೂಗುವ ಕೆಲಸದಲ್ಲಿದ್ದ. ಮಗಳ ಕಾಲೇಜಿನ ಹೆಸರನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಪಕ್ಕದ ಮನೆಯವರು ರೇಷ್ಮೆ ನೂಲು ತೆಗೆಯುವ ಮುಸ್ಲಿಮರು. ಆ ಸಂಜೆ ಅವರ ಮನೆಯ ಹಿರಿಕಿರಿಯರೆಲ್ಲ ಅವರ ತಾರಸಿ ಮೇಲೆ ನಿಂತು ಪಡುವಣಕ್ಕೆ ಮುಖ ಮಾಡಿದ್ದರು. ಆ ಮನೆಯೊಡತಿಯನ್ನು ನಾವೂ ಖಾಲಾ ಅಂತಲೇ ಕರೆಯುತ್ತಿದ್ದೆವು. ಖಾಲಾ ನಮ್ಮನ್ನು ನೋಡಿ, "ನಿಮ್ಮ ಕಣ್ಣು ಚಿಕ್ಕವಯಸ್ಸಿನದಮ್ಮ, ಕಂಡ್ರೆ ಕೂಗಿ," ಅಂದರು.

"ರೋಮ್‌ನಲ್ಲೂ ಹೀಗೇ ಇತ್ತು ಕಣೇ," ಅಂದಳು ಅಕ್ಕ. "ಮೊದಮೊದಲು ಪೂಜಾರಿ ಒಬ್ಬ ಚಂದ್ರನ ದಾರಿ ನೋಡ್ತಾ ಇರೋನು. ಕಂಡ ಮೇಲೆ ಜನರನ್ನ ಕೂಗಿ ಕರೆದು, ಮುಂದಿನ ಹೆಸರಿನ ದಿನಕ್ಕೆ ಐದು ದಿನವೋ ಏಳು ದಿನವೋ ಅಂತ ಸಾರೋನು. ಕೂಗೋ ದಿನ ಅಂತಾನೇ ತಿಂಗಳ ಒಂದನೇ ದಿನಕ್ಕೆ ಕಲೆಂಡ್ಸ್ ಅಂತ ಹೆಸರು ಬಂತು. ಕ್ಯಾಲೆಂಡರ್ ಅಂತೀವಲ್ಲ, ಆ ಮಾತು ಅಲ್ಲಿಂದಾನೇ ಬಂದಿದ್ದು."

ರೋಮನ್ನರ ತಿಂಗಳಲ್ಲಿ ಮೂರೇ ಮೂರು ದಿನಕ್ಕೆ ಹೆಸರಂತೆ. ಒಂದನೇ ದಿನ ಕಲೆಂಡ್ಸ್. ಐದನೇ ದಿನ ನೋನ್ಸ್. ಹದಿಮೂರನೇ ದಿನ ಈಡ್ಸ್, ಅದು ಹಿಂದೊಮ್ಮೆ ಹುಣ್ಣಿಮೆಯ ದಿನವಾಗಿತ್ತಂತೆ. ಮಾರ್ಚ್, ಮೇ, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳಲ್ಲಿ ಮಾತ್ರ ನೋನ್ಸ್ ಏಳಕ್ಕೆ, ಈಡ್ಸ್ ಹದಿನೈದಕ್ಕೆ. ಉಳಿದ ದಿನಗಳಿಗೆ ಹೆಸರೇ ಇಲ್ಲ. ಮುಂದೆ ಬರುವ ಹೆಸರಿನ ದಿನಕ್ಕೆ ಇನ್ನೆಷ್ಟು ದಿನ ಅಂತ ಹಿಂದುಹಿಂದಕ್ಕೆ ಎಣಿಸಿ ಹೇಳಬೇಕು. ಈಡ್ಸ್ ದಾಟಿತೋ, ಆಮೇಲೆ ಮುಂದಿನ ತಿಂಗಳ ಕಲೆಂಡ್ಸಿಗೇ ಎಣಿಕೆ. ನಮ್ಮ ಸಂಕ್ರಾಂತಿ ಜನವರಿ ಹದಿನಾಲ್ಕು ಅಂತಿಟ್ಟುಕೊಂಡರೆ, ರೋಮನ್ನರ ಬಾಯಲ್ಲಿ ಅದು ಫೆಬ್ರವರಿ ಕಲೆಂಡ್ಸಿಗೆ ಹತ್ತೊಂಬತ್ತನೇ ದಿನ.

ನನಗೆ ನಗು ಬಂತು. "ಇಷ್ಟು ಕಷ್ಟ ಯಾಕೆ ಪಟ್ಟರಕ್ಕ? ಒಂದು, ಎರಡು, ಮೂರು ಅಂತ ಹೇಳಿದ್ರೆ ಆಗ್ತಿರಲಿಲ್ವಾ?"

"ಕಷ್ಟ ಏನಿದೆ? ಬರೋರ ದಾರಿ ನೋಡ್ತಾ ಎಣಿಸೋದು ಅಷ್ಟೆ," ಅಂದಳು. ನನಗೆ ಹೆಸರುಗಳು ನೆನಪಿರಲಿ ಅಂತ ಆ ಮೂವರನ್ನೂ ನಮ್ಮೂರ ಅಮ್ಮಂದಿರನ್ನಾಗಿ ಮಾಡಿದಳು. ಕಾಳಮ್ಮ, ನೋನಮ್ಮ, ಈಡಮ್ಮ. ಹೆಸರಿಲ್ಲದ ದಿನಗಳೆಲ್ಲ ಅವರ ಹೆಣ್ಣುಮಕ್ಕಳು. ಆಮೇಲೆ ಬೆರಳು ಮಡಚಿ ತೋರಿಸತೊಡಗಿದಳು. "ಎಣಿಸುವಾಗ ಈಡಮ್ಮನನ್ನೇ ಒಂದು ಅಂತ ಹಿಡೀಬೇಕು. ಅಜ್ಜಿ ಹೋದಾಗ ಮೂರನೇ ದಿನಕ್ಕೆ ಹಾಲು ತುಪ್ಪ ಬಿಟ್ವಲ್ಲ, ಆಗ ಹೋದ ದಿನಾನೂ ಸೇರಿಸಲಿಲ್ವಾ, ಹಾಗೆ..."

ಅಷ್ಟರಲ್ಲಿ ಪಕ್ಕದ ತಾರಸಿಯಲ್ಲಿ ಗಲಾಟೆ ಎದ್ದಿತು. "ಚಾಂದ್! ಚಾಂದ್!" ನಾನು ಮೋಟುಗೋಡೆಯ ಹತ್ತಿರ ಓಡಿದೆ. ಖಾಲಾ ಎರಡು ಕೈಯನ್ನೂ ಮುಖದ ಮುಂದೆ ಹಿಡಿದು ಏನೋ ಹೇಳಿಕೊಳ್ಳುತ್ತಿದ್ದರು. ಚಂದ್ರ ಉಗುರಿನಷ್ಟು ಕಂಡ, ಮಾಯವಾದ. ಅಕ್ಕ ಹೇಳಿದ ಕೊನೆಯ ಮಾತು ಕಿವಿಗೆ ಬಿದ್ದಿತ್ತು. ಮನಸ್ಸಿಗೆ ಇಳಿದಿರಲಿಲ್ಲ.

ಅಕ್ಕನಿಗೆ ಈ ಎಣಿಕೆಯ ಹುಚ್ಚು ಬಹಳ ದಿನ ಇತ್ತು. ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ಸಿಲಿನಿಂದ ಕಾ, ನೋ, ಈ ಅಂತ ಗುರುತು ಹಾಕುತ್ತಿದ್ದಳು. ಅಮ್ಮ ಏಕಾದಶಿ ಯಾವತ್ತು ಅಂತ ನೋಡಲು ಹೋದರೆ ಅಲ್ಲಿ ನೋನಮ್ಮ ಕೂತಿರುತ್ತಿದ್ದಳು. "ಇವಳ ಓದು ಗೋಡೆ ಮೇಲೂ ಬಂತಲ್ಲಪ್ಪ," ಅಂತ ಅಮ್ಮ ಗೊಣಗುತ್ತಿದ್ದಳು, ಅಪ್ಪ ನಗುತ್ತಿದ್ದ. ಅವಳ ನೋಟ್ಸ್ ಪುಸ್ತಕದ ಪ್ರತಿ ಪುಟದ ತಲೆಯ ಮೇಲೂ ರೋಮನ್ ತಾರೀಖು. ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಬೇಕು ಅನ್ನುವುದೊಂದೇ ಅವಳಿಗಿದ್ದ ಆಸೆ.

ಅದೇ ವರ್ಷ ಗಂಡು ಬಂತು. ಗೌರಿಬಿದನೂರಿನವರು. ಹುಡುಗನಿಗೆ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಕಾಯಂ ಕೆಲಸ. ತಂದೆ ಇಲ್ಲ, ತಾಯಿ ಮಗ ಇಬ್ಬರೇ. "ಓದಬೇಕು ಅಂದ್ರೆ ಮದುವೆ ಆದ ಮೇಲೂ ಓದ್ಲಿ, ಬೇಡ ಅನ್ನೋರ್ಯಾರು?" ಅಂದರು. ಅಪ್ಪ ಆ ಮಾತನ್ನು ನಂಬಿದ. ಅಕ್ಕನೂ ನಂಬಿದಳು. ಹೊರಡುವ ದಿನ ಅವಳ ಟ್ರಂಕಿನಲ್ಲಿ ಸೀರೆಗಿಂತ ಪುಸ್ತಕವೇ ಹೆಚ್ಚಾಗಿತ್ತು.

ಭಾವನನ್ನು ಕೆಟ್ಟವನು ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಈಗಲೂ ಆಗುವುದಿಲ್ಲ. ಕುಡಿಯುತ್ತಿರಲಿಲ್ಲ. ನಾಲ್ಕು ಜನರ ಮುಂದೆ ದನಿ ಎತ್ತುತ್ತಿರಲಿಲ್ಲ. ಆದರೆ ಅವನಿಗೆ ಹೆಂಡತಿಯ ಮೇಲೆ ನಂಬಿಕೆ ಅನ್ನುವುದು ಇರಲಿಲ್ಲ. ಓದಿದವಳು, ದಿನಾ ಬಸ್ಸಿನಲ್ಲಿ ತಿರುಗಿದವಳು, ಗಂಡಸರ ಜೊತೆ ಕೂತು ಪಾಠ ಕೇಳಿದವಳು ಅನ್ನುವುದೇ ಅವನ ತಲೆಯಲ್ಲಿ ಹುಳುವಿನ ಹಾಗೆ ಕೊರೆಯುತ್ತಿತ್ತು. ಶಿಫ್ಟಿಗೆ ಹೋಗುವಾಗ ತಾಯಿಗೆ ಕಾವಲು ಹೇಳಿ ಹೋಗುತ್ತಿದ್ದ. ತಾಯಿ ಊರಿಗೆ ಹೋದ ದಿನ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದ. ಅಕ್ಕನಿಗೆ ಬಂದ ಕಾಗದವನ್ನು ಅವನೇ ಒಡೆದು ಓದುವುದು, ಅಕ್ಕ ಬರೆದ ಕಾಗದವನ್ನು ಅವನೇ ಓದಿ ಡಬ್ಬಿಗೆ ಹಾಕುವುದು. ನಾನೊಮ್ಮೆ ಅವರ ಮನೆಯಲ್ಲಿದ್ದಾಗ, ನಾನೇ ಬರೆದ ಹಳೆಯ ಕಾಗದವನ್ನು ಊಟಕ್ಕೆ ಕೂತಲ್ಲಿ ತೆಗೆದು, "ಇಲ್ಲಿ 'ನಿಮ್ಮ ಮೇಷ್ಟ್ರು ನಿನ್ನನ್ನು ಕೇಳಿದರು' ಅಂತ ಬರೆದಿದ್ದೀಯಲ್ಲ, ಯಾವ ಮೇಷ್ಟ್ರು?" ಅಂತ ಕೇಳಿದ. ಅಕ್ಕ ಅನ್ನ ಕಲಸುತ್ತಿದ್ದವಳು ತಲೆ ಎತ್ತಲಿಲ್ಲ. ಅವಳ ತೋಳಿನ ಮೇಲೆ ನೀಲಿಗಟ್ಟಿದ ಗುರುತನ್ನು ನಾನು ನೋಡಿದ್ದು ಆವತ್ತೇ.

ಎರಡು ಸಲ ಅವಳು ಶಿಡ್ಲಘಟ್ಟಕ್ಕೆ ಬಂದುಬಿಟ್ಟಳು. ಎರಡು ಸಲವೂ ಅಪ್ಪ ನಾಲ್ಕು ದಿನ ಇಟ್ಟುಕೊಂಡು, ಸಮಾಧಾನ ಹೇಳಿ, ತಾನೇ ಕರೆದುಕೊಂಡು ಹೋಗಿ ಬಿಟ್ಟು ಬಂದ. ಎರಡನೇ ಸಲ ಬಿಟ್ಟು ಬಂದವನು ಮನೆಯ ಜಗಲಿ ಮೇಲೆ ಕೂತು ಚಪ್ಪಲಿ ಬಿಚ್ಚುವುದನ್ನೂ ಮರೆತಿದ್ದ. ಅಷ್ಟರಲ್ಲಿ ಅಕ್ಕನಿಗೆ ಒಬ್ಬಳು ಮಗಳೂ ಆಗಿದ್ದಳು.

ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಚಿಂತಾಮಣಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರಾದೆ. ಅಕ್ಕ ಆಗಬೇಕಾಗಿದ್ದುದು ನಾನಾದೆ. ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಕಿಟಕಿ ತೆಗೆದರೆ ದೂರಕ್ಕೆ ಅಂಬಾಜಿದುರ್ಗದ ಬೆಟ್ಟ. ಒಂದು ಚಾಪೆ, ಒಂದು ಸೀಮೆಎಣ್ಣೆ ಸ್ಟವ್, ಎರಡು ತಟ್ಟೆ.

ಒಂದು ಭಾನುವಾರ ಭಾವನ ಮನೆಯವರು ವಿದುರಾಶ್ವತ್ಥಕ್ಕೆ ಪೂಜೆಗೆ ಹೊರಟಾಗ ನನ್ನನ್ನೂ ಬರಹೇಳಿದ್ದರು. ಅಕ್ಕನ ಅತ್ತೆ ಕೈಮುಗಿದುಕೊಂಡು ನಾಗರಕಲ್ಲುಗಳ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಭಾವ ಮಗುವಿಗೆ ಪುರಿ ಕೊಡಿಸಲು ಹೋಗಿದ್ದ. ಅತ್ತೆ ಆ ಕಡೆ ಮರೆಯಾದಾಗ ಒಂದು ಮಾತು, ಈ ಕಡೆ ಕಂಡಾಗ ಸುಮ್ಮನೆ. ಹಾಗೆ ಕಡಿದು ಕಡಿದು ಅಕ್ಕ ಹೇಳಿದಳು.

"ಇನ್ನು ಆಗಲ್ಲ ಕಣೇ. ಒಂದು ದಿನ ಹೊರಟುಬಿಡ್ತೀನಿ. ಅಪ್ಪನ ಹತ್ರ ಬೇಡ, ನಿನ್ನ ಹತ್ರ."

"ಯಾವತ್ತು ಬೇಕಾದ್ರೂ ಬಾರಕ್ಕ. ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ಇಲ್ಲಿಗೆ ಬರಬೇಡ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿರು. ಅಲ್ಲೀವರೆಗೆ ನಾನು ಹೇಗೋ ಬರ್ತೀನಿ. ಅಲ್ಲಿ ನಿನ್ನ ಮುಖ ಕಂಡ್ರೆ ಮುಂದಕ್ಕೆ ಕಾಲಿಡ್ತೀನಿ. ಕಾಣದೇ ಹೋದ್ರೆ ನನ್ನ ಕೈಲಿ ಆಗಲ್ಲ, ವಾಪಸ್ ಹೋಗ್ಬಿಡ್ತೀನಿ."

"ಯಾವತ್ತು ಅಂತ ನನಗೆ ಹೇಗೆ ಗೊತ್ತಾಗಬೇಕು?"

ಅತ್ತೆ ಈ ಕಡೆ ಬಂದರು. ಅಕ್ಕ ಸೆರಗಿನಿಂದ ಕಲ್ಲಿನ ಮೇಲಿನ ಅರಿಶಿನದ ಪುಡಿ ಒರೆಸುವವಳ ಹಾಗೆ ಬಗ್ಗಿದಳು. ಅತ್ತೆ ಹೋದ ಮೇಲೆ ನನ್ನ ಕಡೆ ನೋಡಿ ನಕ್ಕಳು. ಮದುವೆಗೆ ಮುಂಚಿನ ನಗು. "ಈಡಮ್ಮ ಹೇಳ್ತಾಳೆ," ಅಂದಳು.

ಕಾಗದ ಬಂದದ್ದು ದೀಪಾವಳಿಯ ಆಚೆ, ನವೆಂಬರ್ ಮೊದಲ ವಾರ. ಇನ್‌ಲ್ಯಾಂಡ್ ಲೆಟರ್. ಮಗುವಿಗೆ ಶೀತ, ಈಗ ವಾಸಿ. ಅತ್ತೆಯ ಮಂಡಿನೋವು ಹಾಗೇ ಇದೆ. ಅಮ್ಮನಿಗೆ ನಿಂಬೆಕಾಯಿ ಉಪ್ಪಿನಕಾಯಿ ಹಾಕಲು ಹೇಳು. ಕೊನೆಯಲ್ಲಿ ಎರಡು ಸಾಲು: "ನಮ್ಮ ಕೇರಿಯ ಈಡಮ್ಮನ ನಾಲ್ಕನೇ ಮಗಳು ಈ ತಿಂಗಳು ಚಿಕ್ಕಬಳ್ಳಾಪುರಕ್ಕೆ ಬರುತ್ತಾಳಂತೆ. ಸಿಕ್ಕಿದರೆ ಮಾತಾಡಿಸು, ಪಾಪ, ಒಂಟಿ ಹೆಣ್ಣು." ಭಾವ ಅದನ್ನು ಓದಿ, ಮಡಚಿ, ಅಂಟಿಸಿ ಡಬ್ಬಿಗೆ ಹಾಕಿದ್ದ.

ನಾನು ಲೆಕ್ಕ ಹಾಕಿದೆ. ನವೆಂಬರಿನ ಈಡಮ್ಮ ಹದಿಮೂರಕ್ಕೆ. ಅದು ಸರಿಯಾಗಿ ನೆನಪಿತ್ತು. ಆ ನಾಲ್ಕು ತಿಂಗಳುಗಳಲ್ಲಿ ನವೆಂಬರ್ ಇಲ್ಲ ಅನ್ನುವುದನ್ನೂ ಎರಡು ಸಲ ನೋಡಿಕೊಂಡೆ. ಹದಿಮೂರರಲ್ಲಿ ನಾಲ್ಕು ಕಳೆದರೆ ಒಂಬತ್ತು. ನಾನು ದಿನಾ ಮಕ್ಕಳಿಗೆ ಲೆಕ್ಕ, ವಿಜ್ಞಾನ ಹೇಳುವವಳು. ಇದಕ್ಕೆ ಬೆರಳೇಕೆ ಅನ್ನಿಸಿತು. ಅಕ್ಕ ಎಣಿಸಿದ್ದಳು, ನಾನು ಕಳೆದೆ.

ಒಂಬತ್ತನೇ ತಾರೀಖು ಹೊಟ್ಟೆನೋವು ಅಂತ ರಜೆ ಚೀಟಿ ಕೊಟ್ಟು ಬೆಳಗಿನ ಮೊದಲ ಬಸ್ಸು ಹತ್ತಿದೆ. ಬಸ್ಸು ಶಿಡ್ಲಘಟ್ಟದ ಮೇಲೇ ಹೋಗಬೇಕು. ಅಲ್ಲಿ ನಿಂತಾಗ ಅಪ್ಪನೋ ಅಪ್ಪನ ಜೊತೆಯವರೋ ನೋಡಿಬಿಟ್ಟರೆ ಅಂತ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತಿದ್ದೆ. ಒಂಬತ್ತು ಗಂಟೆಯ ಹೊತ್ತಿಗೆ ಚಿಕ್ಕಬಳ್ಳಾಪುರದಲ್ಲಿದ್ದೆ. ಹಿಂದಿನ ದಿನವೇ ಇನ್ನೊಂದು ಚಾಪೆ ಕೊಂಡಿದ್ದೆ. ಮಗುವಿಗೆ ಅಂತ ಹಾಲಿಗೆ ಹೇಳಿದ್ದೆ.

ಗೌರಿಬಿದನೂರಿನ ಬಸ್ಸುಗಳು ಬಂದು ನಿಲ್ಲುವ ಜಾಗದ ಎದುರು ಒಂದು ಕಂಬ. ಅದಕ್ಕೆ ಒರಗಿ ನಿಂತೆ. ಒಂದೊಂದು ಬಸ್ಸು ಬಂದಾಗಲೂ ಇಳಿಯುವವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದೆ. ಮಗು ಎತ್ತಿಕೊಂಡ ಹೆಂಗಸು ಕಂಡರೆ ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದೆ, ಮುಖ ತಿರುಗಿಸಿದರೆ ಬೇರೆ ಯಾರೋ. ಮಧ್ಯಾಹ್ನ ಒಬ್ಬಳು ಸೀಬೆಹಣ್ಣು ಮಾರುವವಳು, "ಯಾರಮ್ಮ ಬರಬೇಕು, ಯಜಮಾನ್ರಾ?" ಅಂತ ಕೇಳಿದಳು. "ನಮ್ಮಕ್ಕ," ಅಂದೆ. "ಬರ್ತಾಳೆ ಬಿಡಮ್ಮ, ಮನೆಕೆಲಸ ಮುಗಿಸ್ಕೊಂಡು ಬರಬೇಕಲ್ಲ," ಅಂತ ಒಂದು ಹಣ್ಣು ಕೈಗಿಟ್ಟಳು. ತಿನ್ನಲಾಗಲಿಲ್ಲ.

ಸಂಜೆ ಆರರವರೆಗೆ ನಿಂತೆ. ಚಿಂತಾಮಣಿಯ ಬಸ್ಸು ಹತ್ತಿ ಕೂತಾಗ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಹೆದರಿದಳು, ಅಂದುಕೊಂಡೆ. ಎಷ್ಟು ಹೊಡೆದರೂ ಅವಳಿಗೆ ಆ ಮನೆಯೇ ಬೇಕು, ಅಂದುಕೊಂಡೆ. ಹೀಗೆ ಯೋಚಿಸಿದ್ದೆ ಅನ್ನುವುದನ್ನೂ ಬರೆದಿಡಬೇಕು.

ಮಾರನೆಯ ದಿನ, ಹತ್ತನೇ ತಾರೀಖು, ಶಾಲೆಗೆ ಹೋದೆ. ಏಳನೇ ಕ್ಲಾಸಿಗೆ ಸನ್ನೆಕೋಲಿನ ಪಾಠ ಮಾಡಿದೆ. ಮಧ್ಯಾಹ್ನ ಸಹೋದ್ಯೋಗಿಯೊಬ್ಬರ ಹುಟ್ಟುಹಬ್ಬ ಅಂತ ಟೀಚರುಗಳ ಕೋಣೆಯಲ್ಲಿ ಮೈಸೂರುಪಾಕು ಹಂಚಿದರು. ತಿಂದೆ. ಯಾರೋ ಏನೋ ಹೇಳಿದ್ದಕ್ಕೆ ನಕ್ಕೂ ನಕ್ಕೆ.

ಮೂರು ವಾರ ಕಳೆದು ಶಿಡ್ಲಘಟ್ಟಕ್ಕೆ ಹೋದೆ. ಅಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ಕಂಡದ್ದೇ ಕಣ್ಣೊರೆಸಿಕೊಂಡಳು.

"ನಿಮ್ಮಕ್ಕ ಮಗು ಎತ್ಕೊಂಡು ಮನೆ ಬಿಟ್ಟಿದ್ಲಂತೆ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಳಗ್ಗೆಯಿಂದ ಸಂಜೇವರೆಗೂ ಸುಮ್ಮನೆ ನಿಂತಿದ್ಲಂತೆ. ಕಾರ್ಖಾನೆಯವರು ಯಾರೋ ನೋಡಿದಾರೆ. ಕತ್ತಲಾಗೋ ಹೊತ್ತಿಗೆ ಅವಳೇ ವಾಪಸ್ ಬಂದ್ಲಂತೆ. ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಯಾರಿಗೋಸ್ಕರ ನಿಂತಿದ್ದೆ ಅಂತ..." ಅಮ್ಮ ಮತ್ತೆ ಕಾಯಿ ಬಿಡಿಸತೊಡಗಿದಳು.

"ಯಾವತ್ತಮ್ಮ?"

"ಹತ್ತನೇ ತಾರೀಖು. ಅಪ್ಪನಿಗೆ ಸುದ್ದಿ ಬಂದಿದ್ದು ಮಾರನೇ ದಿನ."

ನಾನು ನಿಂತಲ್ಲೇ ಬೆರಳು ಮಡಚಿದೆ. ಹದಿಮೂರು, ಹನ್ನೆರಡು, ಹನ್ನೊಂದು, ಹತ್ತು. ನಾಲ್ಕು ಬೆರಳು. ಈಡಮ್ಮನನ್ನೂ ಸೇರಿಸಿ ನಾಲ್ಕು. ತಾರಸಿಯ ಮೇಲೆ ಅಕ್ಕ ಅರ್ಧಕ್ಕೆ ನಿಲ್ಲಿಸಿದ ಮಾತು ಅಷ್ಟು ವರ್ಷದ ಮೇಲೆ ಆ ಅಡುಗೆಮನೆಯಲ್ಲಿ ನನಗೆ ಪೂರ್ತಿ ಕೇಳಿಸಿತು. ಅಮ್ಮನ ಪಕ್ಕ ಕೂತುಬಿಟ್ಟೆ. ಅಮ್ಮ ನನಗೆ ಅಕ್ಕನ ದುಃಖ ಅಂದುಕೊಂಡು ಬೆನ್ನು ಸವರಿದಳು. ನಾನು ಯಾವುದನ್ನೂ ಹೇಳಲಿಲ್ಲ. ಹೇಳಿದ್ದರೆ, ಅವಳು ಹೊರಟದ್ದು ನನ್ನ ಹತ್ತಿರ ಬರಲಿಕ್ಕೇ ಅಂತ ಅಪ್ಪನಿಗೆ ಗೊತ್ತಾಗುತ್ತಿತ್ತು. ಅದಕ್ಕೆ ಹೆದರಿದೆ ಅನ್ನುವುದೂ ನಿಜ.

ಅಕ್ಕನಿಗೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಅಪ್ಪನ ಜೊತೆ ಗೌರಿಬಿದನೂರಿಗೆ ಹೋದೆ. ಭಾವ ಶಿಫ್ಟಿಗೆ ಹೋಗಿದ್ದ. ಅತ್ತೆ ಬಾಗಿಲು ತೆಗೆದು, "ರಂಡಿ, ರಂಡಿ, ಬನ್ನಿ, ಕೂತ್ಕೊಳ್ಳಿ," ಅಂದರು. ಆಂಧ್ರದ ಗಡಿಯ ಊರಿನವರು ಅವರು, ಅವರ ಮಾತಿನಲ್ಲಿ ತೆಲುಗು ಕನ್ನಡ ಎರಡೂ ಕಲಸಿರುತ್ತಿತ್ತು. ಅಕ್ಕ ನೀರು ತಂದಿಟ್ಟಳು. ನೆಂಟರಿಗೆ ಇಡುವ ಹಾಗೆ ಇಟ್ಟಳು. ನನ್ನ ಮುಖ ನೋಡಲಿಲ್ಲ. ಬಲಗಿವಿಯ ಓಲೆ ಇರಲಿಲ್ಲ, ಕಿವಿ ಹರಿದು ಕೂಡಿಕೊಂಡಿತ್ತು. ಅಪ್ಪ ಅದನ್ನು ನೋಡಿದ. ನೋಡಿ, ಹೊರಗಿನ ಹುಣಸೆಮರದ ಕಡೆ ತಿರುಗಿ ಕೂತ.

ಅಕ್ಕ ಅಕ್ಕಿ ಆರಿಸಲು ಮೊರ ಹಿಡಿದು ಕೂತಳು. ನಾನೂ ಪಕ್ಕ ಕೂತೆ. ಎದುರಿಗೇ ಅತ್ತೆ. ಒಂದು ಮಾತೂ ಬಿಡಿಸಿ ಹೇಳುವ ಹಾಗಿಲ್ಲ. ಮಗು ನನ್ನ ಬಳೆ ಎಳೆಯುತ್ತಿತ್ತು. ಅದನ್ನು ಮಡಿಲಲ್ಲಿ ಕೂರಿಸಿಕೊಂಡು ಹೇಳಿದೆ.

"ಅಕ್ಕ, ಚಿಕ್ಕಬಳ್ಳಾಪುರಕ್ಕೆ ಈಡಮ್ಮನ ಐದನೇ ಮಗಳು ಬಂದಿದ್ದಳು."

ಅಕ್ಕನ ಕೈ ಮೊರದ ಮೇಲೆ ನಿಂತಿತು.

"ಐದನೆಯವಳಾ?"

"ಹೂಂ. ಬೆಳಗ್ಗೆಯಿಂದ ಸಂಜೇವರೆಗೂ ಕಾದಿದ್ದಳು. ಯಾರೂ ಬರಲಿಲ್ಲ ಅಂತ ಹೊರಟುಹೋದಳು."

ಅಕ್ಕ ಒಂದು ಕಲ್ಲನ್ನು ಆರಿಸಿ ಪಕ್ಕಕ್ಕಿಟ್ಟಳು. ಇನ್ನೊಂದು. "ನಾಲ್ಕನೆಯವಳು ತಾನೇ ಬರಬೇಕಾಗಿದ್ದಿದ್ದು."

"ಲೆಕ್ಕ ತಪ್ಪಿದಳು ಅಕ್ಕ. ಈಡಮ್ಮನನ್ನೇ ಬಿಟ್ಟು ಎಣಿಸಿದ್ದಳು."

ಆಗ ಅವಳು ನನ್ನ ಮುಖ ನೋಡಿದಳು. ಎರಡು ತಿಂಗಳು ಅವಳು ಏನಂದುಕೊಂಡಿದ್ದಳು, ನಾನು ಬೇಕೆಂತಲೇ ಬರಲಿಲ್ಲ, ಹೆದರಿ ಮನೆಯಲ್ಲೇ ಉಳಿದೆ ಅಂತ, ಅದೆಲ್ಲ ಆ ಕಣ್ಣಿನಿಂದ ಇಳಿದು ಹೋದದ್ದು ನನಗೆ ಕಂಡಿತು. ಅದು ಹೋದ ಜಾಗಕ್ಕೆ ಬಂದದ್ದು ಮಾತ್ರ ಸಮಾಧಾನವಾಗಿರಲಿಲ್ಲ.

"ಎವರಮ್ಮಾ ಆ ಈಡಮ್ಮ? ಯಾರದು?" ಅತ್ತೆ ಕೇಳಿದರು.

"ನಮ್ಮ ಕೇರಿಯವಳು ಅತ್ತೆ," ಅಂದಳು ಅಕ್ಕ. "ತೀರಿಕೊಂಡಳು."

"ಅಯ್ಯೋ ಪಾಪಂ. ಮಕ್ಕಳು?"

"ಇದಾರೆ. ಅಲ್ಲೊಬ್ಬಳು, ಇಲ್ಲೊಬ್ಬಳು."

ಹೊರಡುವಾಗ ಬಾಗಿಲ ಹತ್ತಿರ ಪಿಸುದನಿಯಲ್ಲಿ, "ಇನ್ನೊಂದು ದಿನ ಹೇಳಕ್ಕ, ಬಂದೇ ಬರ್ತೀನಿ," ಅಂದೆ. ಅವಳು ತಲೆ ಆಡಿಸಿದಳು. ಹೂಂ ಅಂತಲೋ ಬೇಡ ಅಂತಲೋ ತಿಳಿಯಲಿಲ್ಲ. ಆಮೇಲೆ ಅವಳ ಕಾಗದಗಳು ಬಂದವು, ವರ್ಷಕ್ಕೆ ಒಂದೋ ಎರಡೋ. ಎಲ್ಲದರ ಮೇಲೂ ಎಲ್ಲರೂ ಬರೆಯುವ ತಾರೀಖೇ. ಆ ತಾಯಂದಿರ ಸುದ್ದಿ ಯಾವುದರಲ್ಲೂ ಇರಲಿಲ್ಲ.

ಎಂಟು ವರ್ಷ ಹೀಗೇ ಹೋಯಿತು. ಭಾವನ ಕೈ ತಗ್ಗಿತು, ಅನುಮಾನ ತಗ್ಗಲಿಲ್ಲ. ಅಕ್ಕನ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಯಾರಿಗೂ ಹೇಳಲಿಲ್ಲ. ಗಂಡಸು ಡಾಕ್ಟರಿಗೆ ತೋರಿಸಿದರೆ ಮನೆಯಲ್ಲಿ ಏನಾಗುತ್ತದೋ ಅಂತ ಒಂದು ವರ್ಷ ಮುಚ್ಚಿಟ್ಟುಕೊಂಡಳು. ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತು. ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಭಾವ ಅವಳನ್ನು ಶಿಡ್ಲಘಟ್ಟಕ್ಕೆ ಕಳಿಸಿಕೊಟ್ಟ. ಈ ಸಲ ಅಪ್ಪ ವಾಪಸ್ ಬಿಟ್ಟು ಬರಬೇಕಾಗಿರಲಿಲ್ಲ.

ನಾನು ರಜೆ ಹಾಕಿ ಅವಳ ಜೊತೆ ಇದ್ದೆ. ಆರು ವಾರ. ಮಧ್ಯಾಹ್ನ ಬಿಸಿಲು ಒಳಗೆ ಬೀಳುವ ಕಡೆಗೆ ಹಾಸಿಗೆ ಎಳೆದು ಕೂರಿಸುತ್ತಿದ್ದೆ. ಪಕ್ಕದ ಮನೆಯ ಖಾಲಾ ದಿನವೂ ಬಂದು ಕಾಲು ನೀವುತ್ತಿದ್ದರು. ಒಂದು ದಿನ ಅವರು ಎದ್ದು ಹೋದ ಮೇಲೆ ಅಕ್ಕ ತಾನಾಗಿಯೇ ಆ ದಿನದ ಮಾತು ತೆಗೆದಳು. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಮಗೂಗೆ ಎರಡು ಬಾಳೆಹಣ್ಣು ಕೊಡಿಸಿದ್ದೆ ಕಣೇ. ಬಸ್ಸು ಎಣಿಸಿದ್ದೆ. ಚಿಂತಾಮಣಿಯ ಕಡೆಯಿಂದ ಹದಿನಾಲ್ಕು ಬಂತು."

"ಅಕ್ಕ, ಬೇಡ."

"ಕೇಳು. ಚಿಂತಾಮಣಿಗೆ ಹೋಗೋ ಬಸ್ಸು ನನ್ನ ಕಣ್ಣೆದುರಿಗೇ ನಿಂತಿತ್ತು. ಕಂಡಕ್ಟರು ಕೂಗ್ತಿದ್ದ. ಹತ್ತಬಹುದಿತ್ತು. ನಿನ್ನ ಶಾಲೆ ಹೆಸರು ಗೊತ್ತಿತ್ತು, ಕೇಳ್ಕೊಂಡು ಬರಬಹುದಿತ್ತು. ನನಗೇ ಕಾಲು ಬರಲಿಲ್ಲ. ನೀನು ತಪ್ಪಿಸಿದ್ದು ಒಂದು ದಿನ. ಆಮೇಲಿನ ದಿನಗಳನ್ನೆಲ್ಲ ತಪ್ಪಿಸಿದವಳು ನಾನು."

"ಹಾಗನ್ನಬೇಡ."

"ಅಂದಿಟ್ಟು ಹೋಗಬೇಕು. ಇಲ್ಲದಿದ್ರೆ ನೀನು ಅದನ್ನೇ ಹೊತ್ಕೊಂಡು ತಿರುಗ್ತೀಯ." ದಿಂಬಿಗೆ ಒರಗಿದಳು. "ನಿಜವಾಗ್ಲೂ ಬಂದಿದ್ದೆ ತಾನೇ, ಒಂಬತ್ತಕ್ಕೆ?"

"ಬಂದಿದ್ದೆ ಅಕ್ಕ. ಕಂಬಕ್ಕೆ ಒರಗಿ ನಿಂತಿದ್ದೆ."

"ಯಾವ ಕಂಬ?"

"ಗೌರಿಬಿದನೂರು ಬಸ್ಸು ನಿಲ್ಲೋ ಜಾಗದ ಎದುರು. ಅರ್ಧ ಕಿತ್ತುಹೋದ ಸಿನಿಮಾ ಪೋಸ್ಟರ್ ಇತ್ತು."

"ನಾನೂ ಅಲ್ಲೇ ನಿಂತಿದ್ದೆ," ಅಂದಳು. "ಬಿಸಿಲು ಅಲ್ಲಿಗೆ ಬರ್ತಿರಲಿಲ್ಲ."

ಅವಳು ಹೇಳಿದ್ದು ನಿಜವೋ, ನನ್ನ ಎದೆಯ ಭಾರ ಇಳಿಸಲು ಕಟ್ಟಿದ ಮಾತೋ, ನನಗೆ ಇವತ್ತಿಗೂ ತಿಳಿಯದು. ನನ್ನ ಮುಖ ಕಾಣದೆ ಕಾಲು ಬರುವುದಿಲ್ಲ ಅನ್ನುವುದನ್ನು ವಿದುರಾಶ್ವತ್ಥದಲ್ಲೇ ಅವಳು ಹೇಳಿದ್ದಳು. ಅದಕ್ಕೇ ತಾನೇ ನನ್ನನ್ನು ಬರಹೇಳಿದ್ದು. ಆ ಕಂಬದ ಹತ್ತಿರ ಅವಳಿಗೆ ಬೇಕಾಗಿದ್ದುದು ಒಂದು ಮುಖ ಮಾತ್ರ.

ಅವಳು ಹೋದದ್ದು ಒಂದು ಬೆಳಗ್ಗೆ, ಅಮ್ಮ ಗಂಜಿ ಆರಿಸುತ್ತಿದ್ದ ಹೊತ್ತಿನಲ್ಲಿ. ಮೂವತ್ತೈದು ತುಂಬಿರಲಿಲ್ಲ. ಭಾವ ಬಂದ. ಅತ್ತ. ಅವನ ಅಳು ಸುಳ್ಳಾಗಿರಲಿಲ್ಲ, ಅದನ್ನು ನೋಡುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಅಪ್ಪ ಅವನ ಜೊತೆ ಒಂದು ಮಾತೂ ಆಡಲಿಲ್ಲ. ಕಾರ್ಯ ಎಲ್ಲ ಮುಗಿದ ಮೇಲೆ ಒಂದು ದಿನ ಅಪ್ಪ ನನ್ನನ್ನು ಕರೆದು, "ಎರಡು ಸಲ ಬಂದಿದ್ಲಲ್ಲಮ್ಮ," ಅಂದ. ಅಷ್ಟೇ. ಮುಂದಿನ ವರ್ಷ ಕೆಲಸದಿಂದ ನಿವೃತ್ತನಾದ. ಆಮೇಲೆ ಮಾರುಕಟ್ಟೆಯ ಕಡೆ ಕಾಲಿಡಲೇ ಇಲ್ಲ.

ಜೂನ್ ತಿಂಗಳಲ್ಲಿ, ಶಾಲೆ ಶುರುವಾಗುವ ಎರಡು ದಿನ ಮುಂಚೆ, ಭಾವ ಚಿಂತಾಮಣಿಗೆ ಬಂದ. ಜೊತೆಯಲ್ಲಿ ಮಗಳು. ಐದನೇ ಕ್ಲಾಸಿಗೆ ಬಂದಿದ್ದಳು. ಕೈಯಲ್ಲಿ ವರ್ಗಾವಣೆ ಪತ್ರ, ಒಂದು ಬಟ್ಟೆ ಚೀಲ. ಅವನು ಹೊಸ್ತಿಲು ದಾಟಲಿಲ್ಲ.

"ಅವಳೇ ಹೇಳಿದ್ದು, ನಿಮ್ಮ ಹತ್ರ ಓದಿಸಬೇಕು ಅಂತ. ಹೋಗೋಕೆ ಮುಂಚೆ ನನ್ನ ಕೈಯಲ್ಲಿ ಮಾತು ತಗೊಂಡ್ಲು," ಅಂದ. ನಾನು ನೀರು ಕೊಟ್ಟೆ. ನಿಂತೇ ಕುಡಿದು ಲೋಟವನ್ನು ಕಿಟಕಿಯ ಮೇಲಿಟ್ಟ. ಮಗಳ ತಲೆ ಮುಟ್ಟಿದ, ಹೊರಟುಹೋದ. ಅವನು ಬೀದಿಯ ತಿರುವು ದಾಟುವವರೆಗೂ ಅವಳು ಬಾಗಿಲಲ್ಲಿ ನಿಂತಿದ್ದಳು.

ನಮ್ಮ ಶಾಲೆಗೇ ಸೇರಿಸಿದೆ. ಎಲ್ಲ ಮಕ್ಕಳ ಹಾಗೆ ನನ್ನನ್ನು ಮಿಸ್ ಅನ್ನುತ್ತಿದ್ದಳು. ಮನೆಯಲ್ಲೂ ಅದನ್ನೇ ಅನ್ನುತ್ತಿದ್ದಳು. ನಾನು ತಿದ್ದಲಿಲ್ಲ. ಊಟಕ್ಕೆ ಕರೆದರೆ ಬಂದು ಕೂರುವಳು, ತಟ್ಟೆ ತೊಳೆದಿಡುವಳು, ಪುಸ್ತಕ ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಮಲಗುವಳು. ಅಳುವುದನ್ನು ನಾನು ನೋಡಲಿಲ್ಲ. ನಾಲ್ಕೈದು ವಾರ ಹಾಗೇ ನಡೆಯಿತು.

ಒಂದು ಭಾನುವಾರ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಆಗ ನಮ್ಮ ಬೀದಿಗೆ ನಲ್ಲಿ ನೀರು ಎರಡು ದಿನಕ್ಕೊಮ್ಮೆ, ಅರ್ಧ ಗಂಟೆ ಮಾತ್ರ. ಮುಂದಿನ ಬಾಗಿಲಿನಿಂದ ಅವಳ ಕೂಗು ಬಂತು: "ಚಿಕ್ಕಮ್ಮಾ, ನೀರು ಬಂತು!"

ಕೈಯ ಸೋಪನ್ನು ಸೀರೆಗೆ ಒರೆಸಿಕೊಂಡು, ಎರಡು ಕೊಡ ತೆಗೆದುಕೊಂಡು ಓಡಿದೆ.